ಒಸ್ಮಾರನಿಗೆ ಕಚ್ಚಿದ ಸೊಳ್ಳೆ

ಒಸ್ಮಾರನನ್ನು ಮಣ್ಣು ಮಾಡಿ ಬಂದ ಮೇಲೆ ಊರಿನ ಬಾಯಲ್ಲೆಲ್ಲ ಒಂದೇ ಪ್ರಶ್ನೆ. ಅವನಿಗೆ ಸೊಳ್ಳೆ ಕಚ್ಚಿದ್ದು ಎಲ್ಲಿ?

ಕಣ್ಣೆಲ್ಲ ಹಳದಿಯಾಗಿ, ರಕ್ತ ಕಾರಿಕೊಂಡು ಸತ್ತಿದ್ದ. ಬ್ರೆಜಿಲಿನ ಈ ಕಾಫಿ ಗುಡ್ಡಗಳಲ್ಲಿ ಹಳದಿ ಜ್ವರವನ್ನು ಕಂಡವರು ಯಾರೂ ಉಳಿದಿರಲಿಲ್ಲ, ಲಸಿಕೆ ಹಾಕಿಸಿಕೊಂಡವರಂತೂ ಇರಲೇ ಇಲ್ಲ. ಒಸ್ಮಾರ್ ದುಡಿಯುತ್ತಿದ್ದದ್ದು ಗುಡ್ಡದ ಮೇಲೆ, ಕಾಡಂಚಿನ ತೋಟದಲ್ಲಿ. ಆದರೆ ಜ್ವರ ಬರುವ ಮೊದಲು ಪೇಟೆಯಲ್ಲಿ ತಂಗಿಯ ಮನೆಯಲ್ಲೂ ಉಳಿದಿದ್ದ. ಕಚ್ಚಿದ್ದು ಕಾಡಿನ ಸೊಳ್ಳೆಯಾದರೆ ಅಪಾಯ ಗುಡ್ಡದವರಿಗೆ. ಮನೆಮನೆಯ ನೀರಿನ ಡ್ರಮ್ಮಿನಲ್ಲಿ ಹುಟ್ಟುವ ಪೇಟೆ ಸೊಳ್ಳೆಗೇ ರೋಗ ಅಂಟಿದ್ದರೆ? ಬಂದಿದ್ದ ಲಸಿಕೆ ಗುಡ್ಡಕ್ಕೂ ಪೇಟೆಗೂ ಸಾಲುವಷ್ಟಿರಲಿಲ್ಲ.

ಜುಸಾರಾ ಆರೋಗ್ಯ ಇಲಾಖೆಯ ಸೊಳ್ಳೆ ನಿಯಂತ್ರಣದ ಕೆಲಸದವಳು. ಒಸ್ಮಾರನ ತಂಗಿಯಿದ್ದ ಬೀದಿ ಅವಳ ಪಾಲಿನದೇ. ಯಾವ ಡ್ರಮ್ಮಿಗೆ ಔಷಧಿ ಹಾಕದೆ ಬಿಟ್ಟೆನೋ ಎಂದು ನೆನೆದು ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ರಾಜಧಾನಿಯಿಂದ ಬಂದ ವಿಜ್ಞಾನಿ ತೈಸ್ ಶಾಲೆಯ ಕೋಣೆಯೊಂದರಲ್ಲಿ ಅಂಗೈಯಗಲದ ಯಂತ್ರವನ್ನಿಟ್ಟುಕೊಂಡು ಕೂತಿದ್ದಳು.

"ಒಸ್ಮಾರನ ರಕ್ತದಲ್ಲಿದ್ದ ವೈರಸ್ಸಿನ ಜೀನು ಓದಾಯ್ತು," ಎಂದಳು. "ಒಂದು ಮೈಯಿಂದ ಇನ್ನೊಂದಕ್ಕೆ ದಾಟ್ತಾ ದಾಟ್ತಾ ಅದು ಅಲ್ಲಲ್ಲಿ ಒಂದೊಂದು ಅಕ್ಷರ ಬದಲಾಯಿಸ್ಕೊಳ್ಳುತ್ತೆ. ಆ ಬದಲಾವಣೆ ಹಿಡ್ಕೊಂಡು ಹೋದ್ರೆ ಬಂದ ದಾರಿ ಸಿಗುತ್ತೆ. ಕಾಡಲ್ಲಿ ಈ ಜ್ವರ ಮೊದ್ಲು ಬರೋದು ಕೋತಿಗಳಿಗೆ. ಪಕ್ಕದಲ್ಲಿಟ್ಟು ನೋಡೋಕೆ ಈ ಗುಡ್ಡದ ಕೋತಿ ಬೇಕು, ಜುಸಾರಾ. ಈಗಷ್ಟೇ ಸತ್ತಿದ್ದು."

"ಹುಡುಕ್ತೀನಿ ಡಾಕ್ಟ್ರೇ."

ಜುಸಾರಾ ಲಸಿಕೆ ಹಾಕಿಸಿಕೊಂಡು ಕಾಯಬೇಕಾದಷ್ಟು ದಿನ ಆಗಲೇ ಕಾದಿದ್ದಳು. ಮರುದಿನ ಬೆಳಿಗ್ಗೆಯೇ ಕಾಡು ಹತ್ತಿದಳು. ತೊರೆಯ ಬಳಿ ಯಾರೋ ನಿಂತಿದ್ದರು. ನೋಡಿದರೆ ಅವಳ ಅಣ್ಣ ವಾಲ್ಮೀರ್, ಕೈಯಲ್ಲಿ ಬಂದೂಕು. ಅವನೆದುರು ನೆಲದ ಮೇಲೆ ಕೆಂಗಂದು ಬಣ್ಣದ ದೊಡ್ಡ ಬುಜಿಯೊ ಕೋತಿ. ಮರ ಬಿಟ್ಟು ಇಳಿಯದ ಪ್ರಾಣಿ ಬೇರಿಗೊರಗಿ ಏದುಸಿರು ಬಿಡುತ್ತಿತ್ತು.

"ಅಣ್ಣ, ಬಂದೂಕು ಇಳಿಸು."

"ಒಸ್ಮಾರನ್ನ ತಿಂದಿದ್ದು ಇವೇ ಕಣೇ. ಒಂದನ್ನೂ ಬಿಡಲ್ಲ."

"ಅದಕ್ಕೂ ಸೊಳ್ಳೆನೇ ಕಚ್ಚಿರೋದು. ನೋಡು, ನಮಗಿಂತ ಮೊದ್ಲು ಅದೇ ಸಾಯ್ತಿದೆ. ಎಲ್ಲಾನೂ ಹೊಡೆದು ಹಾಕಿದ್ರೆ ರೋಗ ಬಂತು ಅಂತ ನಮಗೆ ಹೇಳೋರು ಯಾರು? ಲಸಿಕೆ ಹಾಕಿಸ್ಕೊಂಡ್ಯಾ?"

"ಕಶಾಸ ಸಾರಾಯಿ ಕುಡಿಯೋ ಮೈಯಲ್ಲಿ ಯಾವ ವೈರಸ್ಸು ಉಳಿಯುತ್ತೆ ಹೋಗೇ!"

ನಗಲು ಹೊರಟವನು ಕೋತಿಯ ಕಣ್ಣು ನೋಡಿ ನಿಲ್ಲಿಸಿದ. ಬಂದೂಕು ಇಳಿಸಿದ. ಇಬ್ಬರೂ ಕಾದರು. ಅದರ ಉಸಿರು ನಿಂತ ಮೇಲೆ ಜುಸಾರಾ ಕೈಗವಸು ತೊಟ್ಟು ಅದನ್ನು ದಪ್ಪ ಚೀಲಕ್ಕೆ ಹಾಕಿದಳು. ಹೊತ್ತು ಇಳಿಸಿದವನು ವಾಲ್ಮೀರನೇ.

ಯಂತ್ರ ಓದಿ ಮುಗಿಸುವವರೆಗೆ ಜುಸಾರಾ ಶಾಲೆಯ ಅಂಗಳದಲ್ಲಿ ಶತಪಥ ಹಾಕಿದಳು. ತೈಸ್ ಹೊರಗೆ ಬಂದು ಬಾಗಿಲಿಗೆ ಒರಗಿದಳು.

"ಕೋತೀದೂ ಒಸ್ಮಾರಂದೂ ಹೆಚ್ಚುಕಮ್ಮಿ ಒಂದೇ. ಉತ್ತರದ ಕಣಿವೆಗಳಲ್ಲಿ ಸತ್ತ ಕೋತಿಗಳ ವೈರಸ್ಸೇ ಕಾಡಿಂದ ಕಾಡಿಗೆ ಇಳಿದು ಬಂದಿದೆ. ನಿನ್ನ ಬೀದೀಲಿ ಜ್ವರ ಬಂದವರಿಗೆಲ್ಲ ಬರೀ ಡೆಂಗಿ. ಪೇಟೆ ಸೊಳ್ಳೆಗೆ ಇದು ಇನ್ನೂ ಸಿಕ್ಕಿಲ್ಲ."

"ಹಂಗಾದ್ರೆ ಲಸಿಕೆ ಗುಡ್ಡಕ್ಕೆ?"

"ಗುಡ್ಡಕ್ಕೆ. ಇವತ್ತೇ."

ಒಸ್ಮಾರ್ ಸತ್ತಿದ್ದು ತನ್ನ ಬೀದಿಯ ಡ್ರಮ್ಮಿನಿಂದಲ್ಲವೆಂದು ಜುಸಾರಾ ಅತ್ತುಬಿಟ್ಟಳು. ಆಮೇಲೆ ಮುಖ ತೊಳೆದು ಲಸಿಕೆಯ ಪೆಟ್ಟಿಗೆಯೊಂದಿಗೆ ಜೀಪು ಹತ್ತಿದಳು.

ಅಣ್ಣನ ಮನೆ ಮುಟ್ಟುವ ಹೊತ್ತಿಗೆ ಕಾಲ ಮೀರಿತ್ತು. ವಾಲ್ಮೀರ್ ಜ್ವರದಲ್ಲಿ ನಡುಗುತ್ತಿದ್ದ. ವಾರಗಟ್ಟಲೆ ಬಂದೂಕು ಹಿಡಿದು ಕಾಡು ಸುತ್ತಿದ್ದವನು. ಕೋತಿ ಸಿಗುವ ಮೊದಲೇ ಸೊಳ್ಳೆ ಅವನನ್ನು ಕಚ್ಚಿತ್ತು. ಆಸ್ಪತ್ರೆಗೆ ಬಾ ಎಂದರೆ ಗೋಡೆಗೆ ಮುಖ ತಿರುಗಿಸಿಕೊಂಡ. ಜುಸಾರಾ ಬಲವಂತವಾಗಿ ರಕ್ತ ತೆಗೆಸಿ ತೈಸಳಿಗೆ ಕಳಿಸಿ ಅಲ್ಲೇ ಉಳಿದಳು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಜ್ವರ ಬಿಟ್ಟಿತು. ವಾಲ್ಮೀರ್ ಎದ್ದು ಕೂತು ಕಾಫಿ ಕೇಳಿದ. ಅತ್ತಿಗೆ ಸಂತೋಷಕ್ಕೆ ಕೋಳಿ ಹಿಡಿಯಲು ಹೋದಳು. ಜುಸಾರಾ ಮಾತ್ರ ಜೀಪು ತರಿಸಿದಳು. ಸಾಯುವ ಮೊದಲು ಒಸ್ಮಾರನೂ ಹೀಗೇ ಒಂದು ದಿನ ಎದ್ದು ಓಡಾಡಿದ್ದ.

"ಜೀಪು ಹತ್ತು ಅಣ್ಣ."

"ಹುಷಾರಾಗಿದೀನಲ್ಲೇ! ಹುಚ್ಚು ಹಿಡಿದಿದ್ಯಾ?"

"ಹಿಡಿದಿದೆ. ಹತ್ತು. ಇಲ್ಲಾಂದ್ರೆ ಊರವರನ್ನ ಕರೆದು ಹೊರಿಸ್ತೀನಿ."

ಬೈಯುತ್ತಲೇ ಹತ್ತಿದ. ದಾರಿಯಲ್ಲಿ ಬೈಗುಳ ನಿಂತಿತು. ದೊಡ್ಡಾಸ್ಪತ್ರೆ ಕಾಣುವ ಹೊತ್ತಿಗೆ ವಾಂತಿ ಕಪ್ಪಾಗಿತ್ತು, ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಅವನು ಅವಳ ತೋಳನ್ನು ಗಟ್ಟಿಯಾಗಿ ಹಿಡಿದು "ಜು, ಬಿಡಬೇಡ" ಎಂದ.

ಅವಳು ಬಿಡಲಿಲ್ಲ. ಬಹಳ ದಿನ ಯಾವ ವೈದ್ಯರೂ ಭರವಸೆಯ ಮಾತಾಡಲಿಲ್ಲ. ಒಂದು ಮಧ್ಯಾಹ್ನ ದಾದಿ ಹೊರಗೆ ಬಂದು, "ನಿಮ್ಮಣ್ಣ ಗಂಜಿ ಚೆನ್ನಾಗಿಲ್ಲ ಅಂತ ಜಗಳ ತೆಗೀತಿದಾರೆ" ಎಂದಾಗ ಜುಸಾರಾ ಜೋರಾಗಿ ನಕ್ಕಳು.

ಅವನ ರಕ್ತದಲ್ಲೂ ಕಾಡಿನ ಅದೇ ವೈರಸ್. ಪೇಟೆಯಲ್ಲಿ ಒಬ್ಬರಿಗೂ ಬರಲಿಲ್ಲ. ಮುಂದಿನ ಕಣಿವೆಗೆ ರೋಗ ತಲುಪುವ ಮೊದಲೇ ಲಸಿಕೆ ತಲುಪಿತು. ಜುಸಾರಾಳ ಜೊತೆ ಇಳಿಜಾರಿನ ಮನೆಗಳಿಗೆ ಹೋದವನು ವಾಲ್ಮೀರ್. ಸೂಜಿ ಬೇಡವೆಂದು ಹಟ ಹಿಡಿದ ಮುದುಕನೊಬ್ಬನ ಮುಂದೆ ಬಡಕಲು ಮೈಯಲ್ಲಿ ಕೂತು, "ತಾತ, ನನ್ನ ನೋಡು. ನಾನೂ ನಿನ್ನ ಹಾಗೇ ಅಂದಿದ್ದೆ" ಎಂದ.

ಮುದುಕ ಅಂಗಿಯ ತೋಳು ಮೇಲೇರಿಸಿದ.