ಮಲಗಿರುವ ಕಾಲಿನ ಅಳತೆ

ಹೋದ ಭಾನುವಾರ ನನ್ನ ಮೊಮ್ಮಗಳು ಮನೆಯೊಳಗೆ ಶೂ ಹಾಕಿಕೊಂಡು ತಿರುಗುತ್ತಿದ್ದಳು. ನಡುಮನೆಯಲ್ಲಿ. ದೇವರ ಗೂಡಿನ ಮುಂದೆಯೇ.

ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಹಡಿ ಮೆಟ್ಟಿಲು ಇಳಿಯುವುದು ಕಣ್ಣಿಗೆ ಬಿತ್ತು. ಹತ್ತುವಾಗ ಚೆನ್ನಾಗಿಯೇ ಹತ್ತಿದ್ದಳು. ಇಳಿಯುವಾಗ ಮಾತ್ರ ಕಾಲನ್ನು ಅಡ್ಡಡ್ಡ ಇಡುತ್ತಿದ್ದಳು, ಏಡಿಯ ಹಾಗೆ. ಬೈಯುವುದು ಬಿಟ್ಟು ಅವಳ ಕಾಲನ್ನೇ ನೋಡಿದೆ.

ಮೊಮ್ಮಗಳ ಹೆಸರು ಸುಮಾ. ಮಾಲೂರಿನ ಶಾಲೆಯೊಂದರಲ್ಲಿ ಟೀಚರ್. (ನನ್ನ ಅಂಕಣದ ಕಾಗುಣಿತ ತಿದ್ದುವವಳೂ ಅವಳೇ. ಇದನ್ನೂ ತಿದ್ದಲಿ.) ಬರುವ ರಜೆಯಲ್ಲಿ ಗೆಳತಿಯರ ಜೊತೆ ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಟಿದ್ದಾಳೆ. ಆರು ದಿನ ಬರೀ ಹತ್ತುವುದು, ಇಳಿಯುವುದು. ಅದಕ್ಕೆ ಅವಳ ಗಂಡ ನವೀನ ಟ್ರೆಕ್ಕಿಂಗ್ ಶೂ ತರಿಸಿದ್ದಾನೆ. ಸರ್‌ಪ್ರೈಸ್ ಅಂತೆ. ಅವಳ ಹಳೇ ಸ್ಯಾಂಡಲ್ ಕದ್ದು, ಟೇಪ್ ಹಿಡಿದು ಅಳೆದು, ಫೋನಿನಲ್ಲೇ ಆರ್ಡರ್ ಮಾಡಿದ್ದಾನೆ.

"ಕಚ್ತದಾ?" ಅಂದೆ.

"ಇಲ್ಲಜ್ಜಿ. ಹೊಸದಲ್ವಾ, ಬಿಟ್ಕೊಳ್ಳುತ್ತೆ."

"ಇಳಿಯುವಾಗ ಬೆರಳು ಮುಂದಕ್ಕೆ ತಾಗ್ತದಾ?"

"ಸ್ವಲ್ಪ." ಅವಳು ಗಂಡನ ಕಡೆ ನೋಡಿದಳು. ಅವನು ಜಗಲಿಯಲ್ಲಿ ಪೇಪರ್ ಓದುತ್ತಿದ್ದ. "ಮೆಲ್ಲಗೆ ಮಾತಾಡಜ್ಜಿ. ಎಷ್ಟು ಆಸೆಯಿಂದ ತಂದಿದ್ದಾರೆ ಗೊತ್ತಾ?"

ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಎಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ, ಒಂದು ಬೆಟ್ಟ ಇಳಿಯುವಾಗ.

ಆಗ ಎರಡನೇ ಮಹಾಯುದ್ಧದ ಕಾಲ. ಹುತ್ತೂರಿನ ಹತ್ತಿರ ನಮ್ಮ ಹಳ್ಳಿ. ಮನೆ ತುಂಬ ರೇಷ್ಮೆಹುಳು. ಪ್ಯಾರಾಚೂಟ್‌ಗೆ ರೇಷ್ಮೆ ಬೇಕಂತೆ, ಹುಳು ಕಟ್ಟಿದ ಗೂಡಿಗೆ ಎಂದೂ ಇಲ್ಲದ ಬೆಲೆ. (ಪ್ಯಾರಾಚೂಟ್ ಅಂದರೆ ಯಾರೋ ದೊಡ್ಡ ದೊರೆಯ ಹೆಂಡತಿ ಇರಬೇಕು, ಬಹಳ ಸೀರೆ ಉಡುತ್ತಾಳೆ ಅಂದುಕೊಂಡಿದ್ದೆ.) ನನಗೆ ಒಂಬತ್ತು ವರ್ಷ. ನಾಲ್ಕನೇ ಕ್ಲಾಸು.

ಅಮ್ಮನಿಗೆ ಚಪ್ಪಲಿ ಇರಲಿಲ್ಲ. ನಮ್ಮೂರಿನ ಯಾವ ಹೆಂಗಸಿಗೂ ಇರಲಿಲ್ಲ. ಆ ಕಾಲು ನೀವು ನೋಡಬೇಕಿತ್ತು. ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ರಾಗಿಕಾಳು ಸಿಕ್ಕಿಕೊಳ್ಳುತ್ತಿತ್ತು.

ಅವಳ ತವರು ಕೋಲಾರದ ಬೆಟ್ಟದ ಮೇಲೆ. ಅಂತರಗಂಗೆಯ ಮೆಟ್ಟಿಲು ಮುಗಿದ ಮೇಲೂ ಬಂಡೆಗಳ ನಡುವೆ ನುಸುಳಿ ಹತ್ತಬೇಕು. ಮೇಲೆ ಹೊಲ, ನೀರಿನ ಕುಂಟೆ, ಹಳ್ಳಿ ಎಲ್ಲ ಇದೆ. (ಈಗ ಬೆಂಗಳೂರಿನವರು ದುಡ್ಡು ಕೊಟ್ಟು ಗುಂಪು ಕಟ್ಟಿಕೊಂಡು ಅದೇ ದಾರಿ ಹತ್ತುತ್ತಾರೆ. ನಮಗೆ ಅದು ಸೋದರಮಾವನ ಮನೆಗೆ ಹೋಗುವ ದಾರಿ, ಅಷ್ಟೇ.)

ಆ ಮಾವ ಒಂದು ಸಲ ಅಪ್ಪನನ್ನು ಕುಟುಕಿದ್ದ. "ಏನ್ ಬಾವ, ಮನೆ ತುಂಬ ರೇಷ್ಮೆ, ನಮ್ಮಕ್ಕನ ಕಾಲು ಮಾತ್ರ ಬರೀದು." ಎಲ್ಲರೂ ನಕ್ಕಿದ್ದರು. ಅಪ್ಪನೂ ನಕ್ಕಿದ್ದ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಅದೇ ಮಾವನ ಮದುವೆ ಗೊತ್ತಾಯಿತು. ಹೆಂಡತಿಯನ್ನು ಈ ಸಲ ಚಪ್ಪಲಿ ಹಾಕಿಸಿಯೇ ತವರಿಗೆ ಕರೆದೊಯ್ಯುವುದು ಅಂತ ಅಪ್ಪ ತೀರ್ಮಾನಿಸಿದ. ಅವಳಿಗೇ ಹೇಳದೆ. ಸರ್‌ಪ್ರೈಸ್ ಅನ್ನುವ ಪದ ಅವನಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಒಂದು ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕಿ ಅಮ್ಮ ನೆಲದ ಮೇಲೆ ಅಡ್ಡಾಗಿ ನಿದ್ದೆಹೋಗಿದ್ದಳು. ತಟ್ಟೆಗಳಲ್ಲಿ ಹುಳು ಸೊಪ್ಪು ತಿನ್ನುವ ಸದ್ದು, ತರಗೆಲೆಯ ಮೇಲೆ ತುಂತುರು ಬಿದ್ದ ಹಾಗೆ. ಆ ಸದ್ದು ನನಗೆ ಇವತ್ತಿಗೂ ಬೇಕು ಅನ್ನಿಸುತ್ತದೆ.

"ಪೊರಕೆಕಡ್ಡಿ ತಗೊಂಬಾ" ಅಂತ ಅಪ್ಪ ಪಿಸುಗುಟ್ಟಿದ. "ಸದ್ದು ಮಾಡ್ಬೇಡ ಕಣೇ."

ಅಮ್ಮನ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಕಡ್ಡಿ ಹಿಡಿದೆ. ಹಲ್ಲಿನಲ್ಲಿ ಕಚ್ಚಿ ಮುರಿದೆ. ಅಪ್ಪ ಉಸಿರು ಬಿಗಿಹಿಡಿದು ಕೂತಿದ್ದ. ಎತ್ತಿನ ಜೊತೆ ಗುದ್ದಾಡುವ ಆಳು, ಒಂದು ಕಡ್ಡಿ ಮುರಿಯುವ ಸದ್ದಿಗೆ ಹೆದರಿದ್ದ. ಮುರಿದ ಕಡ್ಡಿಯನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡ.

ಮುಳಬಾಗಿಲ ಸಂತೆಗೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಚಪ್ಪಲಿ ಹೊಲಿಯುವ ಯಲ್ಲಪ್ಪ ಅಂತ ಒಬ್ಬ ಮುದುಕ. ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿತ್ತು, ಅದಕ್ಕೆ ಅವನು ಚಪ್ಪಲಿಯ ಅಡಿಯ ಅಟ್ಟೆಗೆ ಲಾರಿ ಟೈರು ಕೊಯ್ಯುತ್ತಿದ್ದ. ಕಡ್ಡಿ ನೋಡಿದ. ಅಪ್ಪನ ಮುಖ ನೋಡಿದ.

"ಕಾಲು ಎಲ್ಲಿ ಸಾಮಿ?"

"ಅದೇ ಕಾಲಿನ ಅಳತೆ ಕಣಯ್ಯ."

"ನಿಂತ್ಕೊಂಡಿದ್ರಾ ಅಮ್ಮೋರು?"

"ಮಲಗಿದ್ಲು."

ಯಲ್ಲಪ್ಪ ನಕ್ಕ. "ಪುಲ್ಲ ನಡವದು ಸಾಮಿ" ಅಂದ, ತೆಲುಗಿನಲ್ಲಿ. ಕಡ್ಡಿ ನಡೆಯುವುದಿಲ್ಲ ಅಂತ. "ಮಲಗಿರೋ ಕಾಲೇ ಬೇರೆ, ನಿಂತಿರೋ ಕಾಲೇ ಬೇರೆ, ಬೆಟ್ಟ ಇಳಿಯೋ ಕಾಲೇ ಬೇರೆ. ಸಾಯಂಕಾಲದ ಹೊತ್ತು ಕರ್ಕೊಂಬನ್ನಿ. ದಿನವೆಲ್ಲ ದುಡಿದ ಕಾಲು ಊದಿರ್ತದೆ. ಆವಾಗ ಅಳೆದು, ಬೆರಳ ಮುಂದೆ ಒಂದಿಷ್ಟು ಜಾಗ ಬಿಟ್ಟು ಕೊಯ್ತೀನಿ."

"ನಮ್ಮನೆ ಹೆಂಗಸ್ರು ಸಂತೇಲಿ ಕಾಲು ಚಾಚ್ಕೊಂಡು ಕೂತ್ಕೊಳ್ಳಲ್ಲ. ಕಡ್ಡಿ ಅಳತೆಗೇ ಮಾಡು."

ಮಾಡಿದ. ಇನ್ನೇನು ಮಾಡುತ್ತಾನೆ? (ಕಾಲಿನ ವಿಷಯ ಅಷ್ಟೆಲ್ಲ ಬಲ್ಲ ಯಲ್ಲಪ್ಪ ಬರಿಗಾಲಿನಲ್ಲಿದ್ದ. ನಮ್ಮಂಥವರ ಬೀದಿಯಲ್ಲಿ ಅವನು ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ. ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರು ಇದನ್ನೂ ಸೇರಿಸಿ ಹೇಳಲಿ.)

ಚಪ್ಪಲಿ ಕಂಡಾಗ ಅಮ್ಮನ ಮುಖ ನೋಡಬೇಕಿತ್ತು. ಮೊದಲು ಸೆರಗಿನಲ್ಲಿ ಕಾಲು ಒರೆಸಿಕೊಂಡಳು. ಆಮೇಲೆ ಹಾಕಿಕೊಂಡಳು. ಹಿಮ್ಮಡಿ ಅಟ್ಟೆಯ ಅಂಚಿಗೆ ಸರಿಯಾಗಿತ್ತು, ಹೆಬ್ಬೆರಳು ಹೊರಗಿತ್ತು.

ಬೆಟ್ಟ ಹತ್ತುವಾಗ ತೊಂದರೆಯಾಗಲಿಲ್ಲ. ಹತ್ತುವಾಗ ಯಾವ ಚಪ್ಪಲಿಯೂ ಒಳ್ಳೆಯದೇ. ತವರಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿಟ್ಟಳು. ಮಾವ ಒಂದನ್ನು ಎತ್ತಿ ತಿರುಗಿಸಿ ನೋಡಿದ. "ಬಾವ, ನಮ್ಮಕ್ಕನಿಗೆ ಲಾರಿ ಚಕ್ರಾನೇ ಕಟ್ಟಿದ್ದೀರ" ಅಂದ. ಅಪ್ಪ ಮೀಸೆ ತಿರುವಿದ್ದೇ ತಿರುವಿದ್ದು.

ಮದುವೆ ಮುಗಿಸಿ ಮಾರನೇ ದಿನ ಇಳಿದೆವು. ಅಪ್ಪ ಗಂಟು ಹೊತ್ತು ಮುಂದೆ. ಅಮ್ಮ ನಡುವೆ. ನಾನು ಹಿಂದೆ. ಒಂದೊಂದು ಹೆಜ್ಜೆಗೂ ಅವಳ ಕಾಲು ಜಾರಿ ಮುಂದೆ ಬರುತ್ತಿತ್ತು, ಹೆಬ್ಬೆರಳು ಬಂಡೆಗೆ ಗುದ್ದುತ್ತಿತ್ತು. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ರಕ್ತ ಕಂಡೆ.

"ಅಮ್ಮ, ಬಿಚ್ಚಿ ಕೈಲಿ ಹಿಡ್ಕೋ."

"ಸುಮ್ನಿರೇ. ನಿಮ್ಮಪ್ಪ ನೋಡ್ತಾರೆ. ಎಷ್ಟು ಆಸೆಯಿಂದ ತಂದಿದ್ದಾರೆ."

ಉಗುರು ಹೋಯಿತು. ಬೆರಳು ಕೀವುಗಟ್ಟಿತು. ಅದೇ ವಾರ ಹುಳುಗಳು ನಾಲ್ಕನೇ ಜ್ವರದಿಂದ ಎದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಹುಳುವಿನ ಹಸಿವು ಬಕಾಸುರನ ಹಸಿವು. ಅಮ್ಮನಿಗೆ ನಿಲ್ಲಲು ಆಗುತ್ತಿರಲಿಲ್ಲ. ಸೊಪ್ಪು ಹಾಕುವವರು ಯಾರು?

"ಎರಡು ವಾರ ಸ್ಕೂಲು ಬಿಡೇ" ಅಂದ ಅಪ್ಪ.

ಎರಡು ವಾರ ಆಯಿತು. ಗೂಡು ಬಿಡಿಸುವ ಕೆಲಸ ಬಂತು. ಆಮೇಲೆ ಮುಂದಿನ ಬೆಳೆ. ನನ್ನ ಸ್ಲೇಟು ಮೊಸರಿನ ಗಡಿಗೆಗೆ ಮುಚ್ಚಳವಾಯಿತು.

ಬಡತನದಿಂದ ನನ್ನ ಓದು ನಿಂತಿತು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಹೂಂ ಅನ್ನುತ್ತಾ ಬಂದಿದ್ದೇನೆ. ಬಡತನ ಎಲ್ಲಿತ್ತು? ಆ ವರ್ಷ ಬಂದಷ್ಟು ಬೆಲೆ ಗೂಡಿಗೆ ಮತ್ತೆ ಬರಲಿಲ್ಲ. ನಿಂತದ್ದು ಒಂದು ಉಗುರಿನಿಂದ. ಆ ಕಡ್ಡಿ ಮುರಿದವಳೂ ನಾನೇ.

ಕಲ್ಲು ಎಡವಿದೆ ಅಂತ ಅಮ್ಮ ಅಪ್ಪನಿಗೆ ಹೇಳಿದಳು. ಅವನು ಸಾಯುವವರೆಗೂ ಅದನ್ನೇ ನಂಬಿದ್ದ. "ಆ ಕಾಲದಲ್ಲೇ ಹೆಂಡ್ತಿಗೆ ಚಪ್ಪಲಿ ಹಾಕ್ಸಿದೋನು ನಾನು" ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ಚಪ್ಪಲಿ ಅಟ್ಟ ಸೇರಿತ್ತು. ಬಾರು ಇಲಿ ತಿಂದವು. ಟೈರನ್ನು ಇಲಿಯೂ ಮುಟ್ಟಲಿಲ್ಲ.

ಇಷ್ಟನ್ನೂ ಭಾನುವಾರ ಸುಮಾಗೆ ಹೇಳಿದೆ. ಯಾರಿಗಾದರೂ ಹೇಳಿದ್ದು ಅದೇ ಮೊದಲು.

"ಎರಡು ಜೊತೆ ಸಾಕ್ಸ್ ಹಾಕ್ಕೋತೀನಿ ಬಿಡಜ್ಜಿ" ಅಂದಳು, ಆದರೂ.

"ಬಿಗಿ ಶೂಗೆ ಎರಡು ಸಾಕ್ಸಾ? ಟೀಚರ್ ಬೇರೆ ನೀನು."

ಸುಮಾ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಜಗಲಿಗೆ ಹೋದಳು. ನಾನು ಕಿವಿ ಅಲ್ಲೇ ಇಟ್ಟಿದ್ದೆ.

"ರೀ, ಈ ಶೂ ಚಿಕ್ಕದಾಗ್ತಿದೆ. ಇಳಿಯೋವಾಗ ಬೆರಳು ನೋಯುತ್ತೆ."

ಪೇಪರ್ ಮಡಚಿದ ಸದ್ದು. "ಅಷ್ಟೇನಾ? ವಾಪಸ್ ಕಳಿಸಿ ಬೇರೆ ತಗೊಳ್ಳೋಣ ಬಿಡು. ಮೊದ್ಲೇ ಹೇಳ್ಬಾರ್ದಾ?"

ಸಂಜೆ ಮೂವರೂ ಕೋಲಾರದ ಅಂಗಡಿಗೆ ಹೋದೆವು. ಸಂಜೆಯೇ, ಯಲ್ಲಪ್ಪನ ಲೆಕ್ಕ. ಅಂಗಡಿಯವನು ಗ್ರಿಪ್ಪು, ವಾಟರ್‌ಪ್ರೂಫು ಅಂತ ಶುರು ಮಾಡಿದ. ಅದೆಲ್ಲ ಆಮೇಲೆ ಅಂದೆ. ಬೆಟ್ಟಕ್ಕೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಸಿದೆ. ಎರಡೂ ಕಾಲಿಗೆ ಶೂ ಕಟ್ಟಿಸಿ ಅಂಗಡಿಯ ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿದೆ. ಇಳಿಯುವಾಗ ಬೆರಳು ತಾಗಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು. ನಾಲ್ಕು ಜೊತೆ ಬೇಡ ಅಂದೆ.

"ಅವರ ಸೈಜು ಆರೇ ಅಲ್ವಾ ಅಜ್ಜಿ?" ಅಂದ ಅಂಗಡಿಯವನು.

"ನಂಬರ್ ನಡೆಯಲ್ಲಪ್ಪ. ಕಾಲು ನಡೆಯೋದು."

ಐದನೇ ಜೊತೆಯಲ್ಲಿ ಸುಮಾ ಮೆಟ್ಟಿಲು ನೇರವಾಗಿ ಇಳಿದಳು. ಸೈಜು ಏಳು. ಹೊರಡುವವರೆಗೂ ದಿನಾ ಅದನ್ನೇ ಹಾಕಿಕೊಂಡು ಶಾಲೆಗೆ ಹೋಗು, ಹೊಸ ಶೂ ಬೆಟ್ಟದ ಮೇಲೆ ಪಳಗಿಸುವುದಲ್ಲ ಅಂತ ಹೇಳಿ ಕಳಿಸಿದ್ದೇನೆ.

ನವೀನನ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ. ಅಷ್ಟೇನಾ, ಮೊದ್ಲೇ ಹೇಳ್ಬಾರ್ದಾ. ಆ ಬೆಟ್ಟದ ದಾರಿಯಲ್ಲಿ ಗಂಟು ಹೊತ್ತು ಹತ್ತೇ ಹೆಜ್ಜೆ ಮುಂದೆ ಹೋಗುತ್ತಿದ್ದ ನಮ್ಮಪ್ಪನೂ, ಅಮ್ಮ ಒಂದು ಸಲ ಕೂಗಿ ಕರೆದಿದ್ದರೆ, ಇಷ್ಟೇ ಹೇಳುತ್ತಿದ್ದನೇನೋ?