ಪಾದೋದಕದ ಜೊತೆಗೊಂದು ಮಾತ್ರೆ

ಶ್ರಾವಣ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ಪಕ್ಕದ ಮನೆಯ ಕಿಟಕಿಯಿಂದ ಒದ್ದೆ ವಿಭೂತಿಯ ವಾಸನೆ ಬಂತು. ಗುಡಿಸುತ್ತಿದ್ದ ಕೈ ನಿಂತಿತು. ಅದೇ ವಾಸನೆ...

ಎಪ್ಪತ್ತರ ದಶಕದಲ್ಲಿ ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ದಾವಣಗೆರೆ ಕಡೆಯವರು. ವಯಸ್ಸು ಎಪ್ಪತ್ತು ದಾಟಿತ್ತು. ಮುಂದಿನ ಭಾಗದಲ್ಲಿ ಅವರು, ಮಗ, ಸೊಸೆ. ಹಿಂದಿನ ಪೋರ್ಷನ್ನಿನಲ್ಲಿ ನಾವು. ನಾನು ಶಾಲೆಯಲ್ಲಿ ಟೀಚರಾಗಿದ್ದೆ, ಹೊತ್ತಿಗೆ ಸರಿಯಾಗಿ ಬದುಕುವವಳು. ಅವರು ನನಗಿಂತ ಒಂದು ಕೈ ಮೇಲು. ಸ್ನಾನ, ಲಿಂಗಪೂಜೆ, ಆಮೇಲೆ ತಿಂಡಿ. ಈ ಕ್ರಮ ಎಂದೂ ಅದಲುಬದಲಾಗಲಿಲ್ಲ. ನಾನು ಬೀಗ ಹಾಕಿ ಹೊರಟರೆ, "ಮೇಷ್ಟ್ರಮ್ಮ ಹೊಂಟ್ಲು, ಗಡಿಯಾರಕ್ಕೆ ಕೀ ಕೊಡ್ರೇ" ಎಂದು ಛೇಡಿಸುತ್ತಿದ್ದರು.

ಆ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಬೆಳಗಿನ ತಿಂಡಿಯ ಹೊತ್ತಿಗೆ ಒಂದು ಮಾತ್ರೆ ಕೊಟ್ಟು, ಒಂದು ದಿನವೂ ತಪ್ಪಿಸಬೇಡಿ ಎಂದರು. ತಪ್ಪಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಶ್ರಾವಣ ಬಂತು. ಸೋಮವಾರಗಳಂದು ಸಂಜೆಯ ಪೂಜೆಯವರೆಗೆ ಅವರು ಏನೂ ತಿನ್ನುತ್ತಿರಲಿಲ್ಲ. ಬೆಳಗಿನ ಪೂಜೆಯಲ್ಲಿ ಲಿಂಗಕ್ಕೆ ಎರೆದ ನೀರು, ಪಾದೋದಕ ಮಾತ್ರ. ಅದರಿಂದ ಉಪವಾಸ ಕೆಡುವುದಿಲ್ಲ.

ಮೊದಲ ಸೋಮವಾರ ನನಗೆ ರಜೆಯಿತ್ತು. ಮಧ್ಯಾಹ್ನ ಹಿತ್ತಲಿನ ನಲ್ಲಿಯಲ್ಲಿ ನೀರು ಸುರಿಯುತ್ತಲೇ ಇತ್ತು. ಒಂದು ಹನಿ ಚೆಲ್ಲಿದರೂ ಗದರುವವರು ಅವರು, ನನಗೆ ದಿಗಿಲಾಯಿತು. ಹೋಗಿ ನೋಡಿದರೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ಸೀರೆ ಬೆವರಿನಿಂದ ಒದ್ದೆ. ಕೈ ನಡುಗುತ್ತಿತ್ತು.

"ಬಂದೆಯೇನೇ ತಂಗಿ? ಅಪ್ಪಯ್ಯ ಗಾಡಿ ಕಟ್ಟಿದನೇನು?" ಎಂದರು ನನ್ನ ಗುರುತೇ ಸಿಗದೆ.

ಸೊಸೆಯನ್ನು ಕೂಗಿ ಕರೆದು, ಮೂಲೆಯ ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ತಮ್ಮ ಸ್ಕೂಟರಿನಲ್ಲೇ ನನ್ನನ್ನು ಹತ್ತಿಸಿಕೊಂಡು ಬಂದರು. ನಾಡಿ ಹಿಡಿದು ಸೊಸೆಯನ್ನು ಕೇಳಿದರು.

"ಬೆಳಿಗ್ಗೆ ಏನು ತಿಂದ್ರು?"

"ಏನೂ ಇಲ್ಲ ಸಾರ್, ಇವತ್ತು ಉಪವಾಸ."

"ಮಾತ್ರೆ?"

"ಅದನ್ನ ತಪ್ಪಿಸಿಲ್ಲ ಸಾರ್. ಪಾದೋದಕದ ಜೊತೆ ತಗೊಂಡ್ರು."

"ಸಕ್ಕರೆ ನೀರು ತನ್ನಿ, ಬೇಗ!"

ಸೊಸೆ ಕದಲಲಿಲ್ಲ. "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆನಾ ಸಾರ್? ಅದೂ ಉಪವಾಸದ ದಿನ? ಎದ್ದ ಮೇಲೆ ನನ್ನನ್ನ ಸುಮ್ನೆ ಬಿಡ್ತಾರಾ?"

"ಮೊದಲು ಏಳಲಿ ಕಣಮ್ಮ!"

ನಾನೇ ಒಳಗೆ ಹೋಗಿ ಕಲಸಿ ತಂದೆ. ಗುಟುಕು ಗುಟುಕಾಗಿ ಕುಡಿಸಿದೆವು. ಅಷ್ಟು ಹೊತ್ತು ಮೂವರೂ ಅವರ ಮುಖವನ್ನೇ ನೋಡುತ್ತ ಕುಳಿತಿದ್ದೆವು. ಕೊನೆಗೆ ಅವರ ಕಣ್ಣು ತಿಳಿಯಾಯಿತು. ಮೊದಲು ನೋಡಿದ್ದು ನಲ್ಲಿಯ ಕಡೆಗೆ.

"ಉಪವಾಸ ಮಾಡ್ತೀನಿ ಅಂತ ನನಗ್ಯಾಕಮ್ಮ ಹೇಳ್ಲಿಲ್ಲ?" ಎಂದರು ಡಾಕ್ಟರು. "ಊಟ ಇಲ್ಲದೆ ಈ ಮಾತ್ರೆ ನುಂಗಿದ್ರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ."

"ಉಪವಾಸ ಏನು ರೋಗನಾ ಡಾಕ್ಟ್ರೇ, ನಿಮಗೆ ಹೇಳಾಕೆ?"

ಡಾಕ್ಟರು, ತಿಂಡಿ ತಿಂದೇ ಮಾತ್ರೆ ತೆಗೆದುಕೊಳ್ಳಬೇಕು, ಈ ವಯಸ್ಸಿನಲ್ಲಿ ಉಪವಾಸ ಬೇಡ ಎಂದು ಹೇಳಿ ಹೋದರು. ಒಡತಿ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಮದುವೆಯಾಗಿ ಬಂದಂದಿನಿಂದ ಬಿಡದ ವ್ರತ ಅದು.

ಆ ವಾರವಿಡೀ ನನಗೆ ನೆಮ್ಮದಿಯಿರಲಿಲ್ಲ. ಉಪವಾಸ ಬಿಡು ಎಂದು ಮಗ ಹೇಳಿದ, ಸೊಸೆ ಅತ್ತಳು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮುಂದಿನ ಸೋಮವಾರ ಶಾಲೆಗೆ ಹೊರಡುವ ಹೊತ್ತಾದರೂ ಹೊರಡಲಾರದೆ ಅವರ ಹಿಂಬಾಗಿಲಲ್ಲಿ ನಿಂತೆ. ಪೂಜೆ ಮುಗಿಯಿತು. ಮಾತ್ರೆಯ ಡಬ್ಬಿ ತೆರೆದ ಸದ್ದು ಕೇಳಿತು.

"ಏನಾರ ಮಾಡೀಯೇನವ್ವ ತಿನ್ನಾಕೆ?" ಎಂದು ಸೊಸೆಯನ್ನು ಕೇಳಿದರು.

ಸೊಸೆ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಅವರು ಅದನ್ನು ಲಿಂಗಕ್ಕೆ ಅರ್ಪಿಸಿ, ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

"ಬಾಗಿಲ ಸಂದಿಯಿಂದ ಏನ್ ಇಣುಕ್ತೀಯ ಮೇಷ್ಟ್ರಮ್ಮ? ಒಳಗೆ ಬಾ. ಲಿಂಗಕ್ಕೆ ಕೊಟ್ಟಿದ್ದು ಪ್ರಸಾದ. ಪ್ರಸಾದ ಬ್ಯಾಡ ಅನ್ನಾಕೆ ನಾನ್ಯಾರು?"

ತಿಂದರು. ಆಮೇಲೆ ಮಾತ್ರೆ ನುಂಗಿದರು. ಆ ದಿನ ನಾನು ಶಾಲೆಗೆ ತಡವಾಗಿ ಹೋದೆ.

ಆಮೇಲೂ ಕೆಲವು ಶ್ರಾವಣಗಳನ್ನು ಅವರು ಹೀಗೆಯೇ ಕಳೆದರು. ನಮಗೆ ವರ್ಗವಾಗಿ ದೂರದ ಊರಿನಲ್ಲಿದ್ದಾಗ ತೀರಿಕೊಂಡರಂತೆ. ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಮೇಷ್ಟ್ರಮ್ಮ ಎಂದು ಕರೆಯುವವರು ಈಗ ಯಾರೂ ಉಳಿದಿಲ್ಲ.

ನಮ್ಮ ಯಜಮಾನರಿಗೆ ಹೋದ ವಾರವಷ್ಟೇ ಡಾಕ್ಟರು ಸಂಜೆಗೂ ಒಂದು ಸಕ್ಕರೆಯ ಮಾತ್ರೆ ಸೇರಿಸಿದ್ದರು. ಮನಸ್ಸಾದರೆ ಊಟ, ಇಲ್ಲವಾದರೆ ಒಂದು ಲೋಟ ಮಜ್ಜಿಗೆ, ಅದು ಅವರ ರಾತ್ರಿ. ಇದನ್ನು ಡಾಕ್ಟರಿಗೆ ಅವರೂ ಹೇಳಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ. ಇವತ್ತು ಸಂಜೆ ಜೊತೆಗೆ ಹೋಗಿ ಹೇಳಿದೆ. "ಒಳ್ಳೇದಾಯ್ತು ಹೇಳಿದ್ದು" ಎಂದು ಡಾಕ್ಟರು ಸಂಜೆಯ ಮಾತ್ರೆ ನಿಲ್ಲಿಸಿದರು. ಮನೆಗೆ ಬಂದು ಬಿಸಿ ಅನ್ನ ಬಡಿಸಿದೆ. ಗೊಣಗುತ್ತಲೇ ಉಂಡರು. ತಟ್ಟೆ ತೊಳೆದು ಬೋರಲು ಹಾಕಿದೆ.