ತಪ್ಪಿಗೊಂದು ಒಲೆ

ಮೇಡಂ ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳಿದ್ದವು. ಮಂಡಕ್ಕಿ ಹುರಿಯುವ ಬಾಣಲೆಯಿಂದ ಕಾದ ಮರಳು ಸಿಡಿದು ಆದ ಕಲೆಗಳು ಅವು. ಬೋರ್ಡಿನ ಮೇಲೆ ಬರೆಯಲು ಆ ಕೈ ಎತ್ತಿದರೆ ಮುಂದಿನ ಬೆಂಚಿನವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. "ಸಿಡುಬಲ್ಲ, ಹೆದರಬ್ಯಾಡ್ರಿ," ಎಂದು ತಿರುಗಿ ನೋಡದೆಯೇ ಹೇಳುತ್ತಿದ್ದರು. "ನಮ್ಮ ಮನೆ ಭಟ್ಟಿ ಕೊಟ್ಟ ಡಿಗ್ರಿ ಇದು."

ಅವರು ಹರಿಹರದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದವರು. ಮನೆ ಮಾತ್ರ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ. ಯಜಮಾನರದು ತಲೆಮಾರುಗಳಿಂದ ನಡೆದು ಬಂದ ಭಟ್ಟಿ. ಮೇಡಂ ಬೆಳಿಗ್ಗೆ ಎದ್ದು ಒಲೆಗಳನ್ನು ಒಂದು ಸುತ್ತು ನೋಡಿ, ಸೀರೆಗೆ ಅಂಟಿದ ತೌಡು ಕೊಡವಿಕೊಂಡು ರೈಲು ಹತ್ತುತ್ತಿದ್ದರು.

ವಿಕಾಸವಾದದ ಪಾಠವನ್ನು ಅವರು ತರಗತಿಯಲ್ಲಿ ಶುರು ಮಾಡಲಿಲ್ಲ. ಇಡೀ ತರಗತಿಯನ್ನು ಹರಿಹರ ರೈಲ್ವೆ ಸ್ಟೇಷನ್ನಿಗೆ ನಡೆಸಿಕೊಂಡು ಹೋಗಿ ಪ್ಲಾಟ್‌ಫಾರಂ ಮೇಲಿನ ನಾಯಿಗಳನ್ನು ನೋಡಲು ಹೇಳಿದರು. ಗೂಡ್ಸ್ ಗಾಡಿ ಭೂಮಿ ನಡುಗಿಸಿಕೊಂಡು ಹೋಯಿತು. ಒಂದು ನಾಯಿಯೂ ತಲೆ ಎತ್ತಲಿಲ್ಲ. ಪ್ಯಾಸೆಂಜರ್ ಗಾಡಿ ಇನ್ನೂ ದೂರದಲ್ಲಿರುವಾಗಲೇ ಎಲ್ಲವೂ ಎದ್ದು, ಜನರಲ್ ಬೋಗಿ ನಿಲ್ಲುವ ಜಾಗಕ್ಕೆ ಹೋಗಿ ಸಾಲಾಗಿ ನಿಂತವು. ಒಂದು ಕಂದು ನಾಯಿ ಮಾತ್ರ ಗುಂಪು ಬಿಟ್ಟು ಹಿಂದಿನ ತುದಿಗೆ ಹೋಯಿತು. ಅಲ್ಲಿ ಯಾರೋ ಎಸೆದ ಇಡೀ ಚಪಾತಿ ಅದೊಂದಕ್ಕೇ ಸಿಕ್ಕಿತು.

"ಇದು ರಕ್ತದಾಗೆ ಬಂದಿದ್ದಲ್ಲ, ಕಲಿತಿದ್ದು. ಎರಡನ್ನೂ ಕಲಸಬ್ಯಾಡ್ರಿ," ಎಂದರು ಮೇಡಂ. ಅವರ ದನಿ ಏರಿತ್ತು. "ಆದ್ರೆ ಲೆಕ್ಕ ಒಂದೇ. ಯಾವುದೋ ಒಂದು ಬ್ಯಾರೆ ಏನೋ ಮಾಡ್ತೈತೆ. ಹೊಟ್ಟೆ ತುಂಬಿದ್ರೆ ಅದು ಉಳೀತೈತೆ. ಆ ಚಾ ಮಾರೋನ್ನ ನೋಡ್ರಿ, ಅವನೂ ಹಿಂದಿನ ತುದೀಲೇ ನಿಂತಾನೆ!"

ಚಾ ಮಾರುವವನು ಕೇಳಿಸಿಕೊಂಡ. "ಏನ್ರಿ ಮೇಡಮ್ಮೋರೇ, ನನ್ನನ್ನ ನಾಯಿಗೆ ಹೋಲಿಸ್ತೀರಾ?"

"ಇಲ್ಲಪ್ಪಾ, ನಾಯಿನ ನಿನಗೆ ಹೋಲಿಸ್ತೀನಿ."

ಅವನೇ ಮೊದಲು ನಕ್ಕಿದ್ದು. ಜೀವಿಗಳ ಪಾಠವೂ ಸಂತೆಯ ಪಾಠವೂ ಒಂದೇ ಪ್ಲಾಟ್‌ಫಾರಂ ಮೇಲೆ ನಿಂತಿರುವುದನ್ನು ಅಂದು ಕಂಡೆ. ಮುಂದೆ ವರದಿಗಾರನಾಗಿ ದಾವಣಗೆರೆಗೆ ಬಂದ ಮೇಲೆ ಮೇಡಂ ಅವರ ಮನೆ ನನಗೆ ಎರಡನೇ ಕಾಲೇಜಾಯಿತು.

ಅವರ ಭಟ್ಟಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ಮೂಲೆಯ ಒಲೆಯಲ್ಲಿ ಹಿಂದಿನ ವಾರ ಮಾಡಿದ ಹಾಗೆ ಈ ವಾರ ಮಾಡುವಂತಿಲ್ಲ. ಭತ್ತ ಬದಲಾಗಬೇಕು, ಇಲ್ಲವೇ ನೆನೆಸುವ ರೀತಿ, ಇಲ್ಲವೇ ಉಪ್ಪು. ಮದುವೆಯಾಗಿ ಬಂದ ಹೊಸತರಲ್ಲಿ ಮೇಡಂ ಹಠ ಹಿಡಿದು ಮಾಡಿಸಿದ ನಿಯಮವಿದು. ಓಣಿಯವರು ಅದಕ್ಕೆ ತಪ್ಪಿನ ಒಲೆ ಎಂದು ಹೆಸರಿಟ್ಟರು. ಅದರಿಂದ ಬಂದದ್ದು ಬಹುಪಾಲು ಕಲ್ಲಿನಂಥ ಮಂಡಕ್ಕಿ. ಕೆಲಸದವರು ಅದನ್ನು ಆನೆಕೊಂಡದ ತಮ್ಮ ಮನೆಗಳಿಗೆ ಒಯ್ದು ಕೋಳಿಗೆ ಹಾಕುತ್ತಿದ್ದರು.

"ಆನೆಕೊಂಡದ ಕೋಳಿಗಳೆಲ್ಲ ಮೇಡಮ್ಮೋರ ಹೆಸರು ಹೇಳಿ ಕೊಬ್ಬ್ಯಾವೆ," ಎನ್ನುತ್ತಿದ್ದರು ಹುರಿಯುವ ಮೇಸ್ತ್ರಿ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು.

ಒಮ್ಮೆ ಚಾಚಾ ತಂಗಿಯ ಮಗಳ ಮದುವೆಗೆಂದು ಹರಿಹರಕ್ಕೆ ಹೋದವರು ಒಂದು ದಿನ ಹೆಚ್ಚು ಉಳಿದುಬಿಟ್ಟರು. ಮೂಲೆಯ ಒಲೆಗೆಂದು ನೆನೆಹಾಕಿದ್ದ ಸಣ್ಣ ಭತ್ತದ ನೀರು ಹುಳಿ ವಾಸನೆ ಹೊಡೆಯುತ್ತಿತ್ತು. ಚೆಲ್ಲಲು ಹೊರಟ ಕೆಲಸದವರನ್ನು ಮೇಡಂ ತಡೆದರು. "ಆ ಒಲೆ ಇರೋದೇ ಇದಕ್ಕಲ್ವಾ?" ಆ ಭತ್ತ ಬೆಂದು, ಒಣಗಿ, ಅಕ್ಕಿಯಾಗಿ ಬಾಣಲೆಗೆ ಬಿದ್ದಾಗ ಚೆನ್ನಾಗಿ ಅರಳಿತು. ಯಜಮಾನರು ಲೆಕ್ಕಕ್ಕಿಡಲಿಲ್ಲ. ಸಣ್ಣ ಭತ್ತದಲ್ಲಿ ಮಂಡಕ್ಕಿ ಮಾಡುವವರು ಯಾರಿದ್ದಾರೆ?

ಕೆಲವು ವರ್ಷಗಳಲ್ಲಿ ಆ ಪ್ರಶ್ನೆಯೇ ತಿರುಗಿಬಿತ್ತು. ಊಟದ ಅಕ್ಕಿಗೆ ಬೆಲೆ ಬಂದು, ಸುತ್ತಲಿನ ರೈತರು ಒಬ್ಬೊಬ್ಬರಾಗಿ ಸಣ್ಣ ಭತ್ತಕ್ಕೆ ಹೊರಳಿದರು. ಮಂಡಕ್ಕಿಗೆ ಬೇಕಾದ ದಪ್ಪ ಭತ್ತ ಸಿಗದಾಯಿತು. ಇಡೀ ಓಣಿ ನಂಬಿದ್ದು ಅದೊಂದನ್ನೇ. ಭಟ್ಟಿಗಳು ಒಂದರ ಹಿಂದೆ ಒಂದು ತಣ್ಣಗಾದವು. ಊರಂಚಿನ ಕರೂರು ಕೈಗಾರಿಕಾ ಪ್ರದೇಶದ ಉದ್ಯಮಿಯೊಬ್ಬರು ಮೇಡಂ ಮನೆಯ ಭಟ್ಟಿಯ ಜಾಗವನ್ನು ಗೋದಾಮಿಗೆ ಕೇಳಿದರು. ಯಜಮಾನರು ಹೂಂ ಅಂದುಬಿಟ್ಟರು. ಚಾಚಾ ಮತ್ತು ಅವರ ಜೊತೆಯವರು ಬೇರೆ ಕೆಲಸ ಹುಡುಕತೊಡಗಿದರು.

ಓಣಿ ಮುಚ್ಚುತ್ತಿರುವ ಸುದ್ದಿ ಬರೆಯಲು ನಾನು ಹೊರಟಿದ್ದೆ. ಮೇಡಂ ಫೋನ್ ಮಾಡಿದರು. "ಬರೆಯೋದು ಆಮೇಲೆ ಬರಿ. ಮೊದ್ಲು ಬಂದು ನೋಡು."

ಹೋದಾಗ ಎಲ್ಲ ಒಲೆಗಳೂ ಹೊತ್ತಿ ಉರಿಯುತ್ತಿದ್ದವು. ಉದ್ಯಮಿ ಮಧ್ಯಾಹ್ನ ಬರುವವರಿದ್ದರು. ಅಷ್ಟರೊಳಗೆ ಒಂದೇ ಒಂದು ಸಲ, ಹುಳಿನೀರಲ್ಲಿ ನೆನೆದ ಸಣ್ಣ ಭತ್ತದ ಅಕ್ಕಿಯನ್ನು ಎಲ್ಲ ಒಲೆಯಲ್ಲೂ ಹುರಿದು ನೋಡಬೇಕೆಂದು ಮೇಡಂ ಗಂಡನನ್ನು ಒಪ್ಪಿಸಿದ್ದರು. ಒಂದು ಒಲೆಯಲ್ಲಿ ಅರಳಿದ್ದು ಎಲ್ಲದರಲ್ಲೂ ಅರಳೀತೆಂಬ ಖಾತ್ರಿ ಅವರಿಗೂ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಚಾಚಾ ಬಿಸ್ಮಿಲ್ಲಾ ಎಂದು ಒಂದು ಹಿಡಿ ಅಕ್ಕಿ ಎಸೆದರು. ಮರಳಿನೊಳಗೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಟ್ ಎಂದಿತು. ಮತ್ತೊಂದು. ನೋಡುತ್ತಿದ್ದಂತೆ ಬಾಣಲೆ ಬೆಳ್ಳಗೆ ಉಕ್ಕಿತು. ಪಕ್ಕದ್ದೂ ಉಕ್ಕಿತು, ಅದರಾಚೆಯದೂ. ಭಟ್ಟಿಯ ತುಂಬ ಸದ್ದು. ಯಜಮಾನರು ಬಿಸಿಬಿಸಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದೆವು.

"ಹಾಕ್ರಿ ಚಾಚಾ, ಇನ್ನೊಂದ್ ಹಿಡಿ ಹಾಕ್ರಿ," ಎಂದರು. ಹೊರಗೆ ಹೋಗಿ ಫೋನಿನಲ್ಲಿ ಕೂಗಿದರು: "ಬರಬ್ಯಾಡ್ರಿ ಸಾಹೇಬ್ರ! ಜಾಗ ಕೊಡಂಗಿಲ್ಲ!"

ಮೇಡಂ ಚಿಕ್ಕ ಹುಡುಗಿಯ ಹಾಗೆ ಕುಣಿದರು. ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಖುಷಿ ಒಂದು ವಾರವೂ ನಿಲ್ಲಲಿಲ್ಲ. ಮೇಡಂ ಅಕ್ಕಪಕ್ಕದ ಭಟ್ಟಿಗಳಿಗೆಲ್ಲ ಹೋಗಿ ಸಣ್ಣ ಭತ್ತ ಅರಳಿಸುವ ಬಗೆ ಹೇಳಿಕೊಟ್ಟು ಬಂದಿದ್ದರು. ಯಜಮಾನರು ಕೆಂಡವಾದರು. "ತಲೆ ನೆಟ್ಟಗೈತಾ ನಿಂಗೆ? ಕಂಡೋರಿಗೆಲ್ಲ ಗುಟ್ಟು ಹಂಚಿ ಬಂದೀಯಲ್ಲ!"

"ನಮ್ಮದೊಂದೇ ಭಟ್ಟಿ ಉಳಿದ್ರೆ ಭತ್ತದ ಲಾರಿ ಈ ಓಣಿಗೆ ಯಾಕ ಬರ್ತೈತೆ? ಮರಳು ತರೋನು, ಚೀಲ ಹೊಲಿಯೋನು ಯಾಕ ಬರ್ತಾರೆ?" ಎಂದರು ಮೇಡಂ. "ಕಾಡು ಹೋದ ಮ್ಯಾಲೆ ಒಂಟಿ ಮರ ಎಷ್ಟು ದಿನ ನಿಂತೀತು?"

ಯಜಮಾನರು ಒಂದು ತಿಂಗಳು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ತಣ್ಣಗಾಗಿದ್ದ ಒಲೆಗಳು ಮತ್ತೆ ಹೊತ್ತಿಕೊಂಡವು. ಓಣಿಯ ತುಂಬ ಹೊಗೆ ಬಂತು, ಜನ ಬಂದರು. ಮುಚ್ಚುವ ಸುದ್ದಿ ಬರೆಯಲು ಹೊರಟಿದ್ದ ನಾನು ತೆರೆದ ಸುದ್ದಿ ಬರೆದೆ.

ಮೇಡಂ ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಶಿವಗಣಾರಾಧನೆಯ ದಿನ ಊಟ ಮುಗಿಸಿ ಭಟ್ಟಿಗಳ ಮಾಲೀಕರು ಜಗುಲಿಯ ಮೇಲೆ ಕೂತು ಅವರನ್ನು ನೆನೆಯುತ್ತಿದ್ದರು.

"ನೀರು ಹುಳಿ ಬರೋ ತನಕ ಬಿಡು ಅಂತ ಕಲಿಸಿದ್ರು ಆ ತಾಯಿ," ಎಂದರು ಒಬ್ಬರು.

"ಹುಳಿ?" ಪಕ್ಕದವರು ತಿರುಗಿದರು. "ಉಗುರುಬೆಚ್ಚಗಿನ ನೀರು ಹಾಕು, ಹುಳಿ ಬರೋಕ್ ಮುಂಚೆ ತೆಗಿ ಅಂದಾರೆ. ನನ್ನ ಮುಂದೆ ನಿಂತು ಹೇಳ್ಯಾರೆ."

"ಇಬ್ರೂ ನೆಟ್ಟಗೆ ಕೇಳಿಸ್ಕಂಡಿಲ್ಲ," ಎಂದ ಎಲ್ಲರಿಗಿಂತ ಕಿರಿಯ ಮಾಲೀಕ. "ನೆನೆಸೋ ನೀರಿಗೇ ಉಪ್ಪು. ಒಣಗಿಸೋದು ನೆರಳಾಗೆ."

ದನಿಗಳು ಏರಿದವು. ಆಣೆ ಪ್ರಮಾಣಗಳಾದವು. ಕೊನೆಗೆ ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ತಲೆ ತಗ್ಗಿಸಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ಅವರು ನಗುತ್ತಿದ್ದರು.

"ಆ ಮೂಲೆ ಒಲ್ಯಾಗೆ ಅರಳಿದ್ದನ್ನೆಲ್ಲ ಒಬ್ಬೊಬ್ಬರಿಗೆ ಒಂದೊಂದು ಹೇಳ್ಯಾಳೆ ನೋಡ್ರಿ! ಬೇಕಂತ್ಲೇ ಹೇಳ್ಯಾಳೆ. ಎಲ್ಲಾರೂ ಒಂದೇ ದಾರಿ ಹಿಡಿದ್ರೆ ಮುಂದಿನ ಸಲಾನೂ ಒಟ್ಟಿಗೇ ಬೀಳ್ತೀವಿ ಅಂತ," ಎಂದು ಕಣ್ಣೊರೆಸಿಕೊಂಡರು. "ನನಗೂ ಹೇಳದಂಗೆ ಹೋದ್ಲಲ್ಲ."

ಕಿರಿಯ ಮಾಲೀಕನಿಗೆ ಸಮಾಧಾನವಾಗಲಿಲ್ಲ. "ಹಂಗಾರೆ ಸರಿ ಯಾವುದು ಅಣ್ಣಾ?"

"ನಿನ್ನ ಮಂಡಕ್ಕಿ ಅರಳ್ತೈತೋ ಇಲ್ಲೋ?"

"ಅರಳ್ತೈತೆ."

"ಹಂಗಾರೆ ಬಾಯಿ ಮುಚ್ಕಂಡು ಅದನ್ನೇ ಮಾಡು," ಎಂದರು ಯಜಮಾನರು. "ಇವರದ್ದು ನೋಡಿ ಬದಲಾಯಿಸೀಯಾ ಮತ್ತೆ!"